ಕ್ಯಾವೆಂಡಿಷ್ ಮನೆತನದ ಐದು ಶತಮಾನಗಳು

1381ರ ಜೂನ್ ತಿಂಗಳು. ತಲೆಗಂದಾಯದ ವಿರುದ್ಧ ಇಂಗ್ಲೆಂಡಿನ ರೈತರು ದಂಗೆಯೆದ್ದಿದ್ದರು. ಪೂರ್ವದ ಸಫೊಕ್ ಸೀಮೆಯಲ್ಲಿ ಅವರ ಕೈಗೆ ಸಿಕ್ಕವನು ಸರ್ ಜಾನ್ ಕ್ಯಾವೆಂಡಿಷ್, ರಾಜನ ಮುಖ್ಯ ನ್ಯಾಯಾಧೀಶ. ತಪ್ಪಿಸಿಕೊಳ್ಳಲೆಂದು ಅವನು ನದಿಯ ಕಡೆ ಓಡಿದ. ದಡದಲ್ಲಿದ್ದ ದೋಣಿಯನ್ನು ಒಬ್ಬ ಹೆಂಗಸು ನೀರಿಗೆ ತಳ್ಳಿಬಿಟ್ಟಳು. ಬೆನ್ನಟ್ಟಿ ಬಂದವರು ಅಲ್ಲೇ ಅವನ ತಲೆ ಕಡಿದರು. ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣದ ಪೇಟೆಯಲ್ಲಿ ಆ ತಲೆಯನ್ನು ಅಲ್ಲಿನ ಮಠದ ಮುಖ್ಯಸ್ಥನ ತಲೆಯ ಜೊತೆಗಿಟ್ಟು, ಬದುಕಿದ್ದಾಗ ಸ್ನೇಹಿತರಾಗಿದ್ದವರು ಈಗಲೂ ಮುದ್ದಾಡಿಕೊಳ್ಳಲಿ ಎಂದು ಎರಡನ್ನೂ ಒಂದಕ್ಕೊಂದು ತಾಗಿಸಿ ಜನ ಅಣಕಿಸಿದರು.

ಹಾಗೆ ಸತ್ತ ನ್ಯಾಯಾಧೀಶನ ವಂಶ ಮುಂದೆ ಬ್ರಿಟನ್ನಿನ ಅತಿ ಶ್ರೀಮಂತ ಕುಲೀನ ಮನೆತನಗಳಲ್ಲಿ ಒಂದಾಯಿತು. ಭೂಮಿಯ ಸಾಂದ್ರತೆಯನ್ನು ಅಳೆದವನು ಈ ಮನೆಯವನು. ಎಲೆಕ್ಟ್ರಾನ್ ಪತ್ತೆಯಾದ ಪ್ರಯೋಗಶಾಲೆಗೂ, ಜಗತ್ತು ಅತಿ ಹೆಚ್ಚು ತಿನ್ನುವ ಬಾಳೆಯ ತಳಿಗೂ ಈ ಮನೆಯದೇ ಹೆಸರು. 1831ರಲ್ಲಿ ಮೈಸೂರಿನ ಆಡಳಿತವನ್ನು ಅರಸರಿಂದ ಕಿತ್ತುಕೊಂಡವನು ಈ ಮನೆಯ ಮಗಳ ಮಗ. ಐವತ್ತು ವರ್ಷದ ಮೇಲೆ ಅದನ್ನು ಒಡೆಯರಿಗೆ ಹಿಂದಿರುಗಿಸಿದಾಗ ಲಂಡನ್ನಿನಲ್ಲಿ ಭಾರತದ ವ್ಯವಹಾರ ನೋಡುತ್ತಿದ್ದ ಮಂತ್ರಿ ಈ ಮನೆಯ ಹಿರಿಮಗ.

ಆದರೆ ಮನೆತನದ ಸಿರಿ ಆರಂಭವಾದದ್ದು ನ್ಯಾಯಾಲಯದಲ್ಲೂ ಅಲ್ಲ, ಯುದ್ಧಭೂಮಿಯಲ್ಲೂ ಅಲ್ಲ. ಮಠಗಳ ಆಸ್ತಿಯ ಲೆಕ್ಕಪುಸ್ತಕದಲ್ಲಿ.

ಎಂಟನೇ ಹೆನ್ರಿ ಪೋಪನ ಜೊತೆ ಸಂಬಂಧ ಕಡಿದುಕೊಂಡ ಮೇಲೆ, 1536ರಿಂದ 1540ರ ನಡುವೆ ಇಂಗ್ಲೆಂಡಿನ ಕ್ರೈಸ್ತ ಮಠಗಳೆಲ್ಲ ಮುಚ್ಚಿದವು. ಅವುಗಳ ಭೂಮಿ, ಬೆಳ್ಳಿ, ಛಾವಣಿಯ ಸೀಸವೆಲ್ಲ ರಾಜನ ಬೊಕ್ಕಸಕ್ಕೆ ಸೇರಿದವು. ಊರೂರು ತಿರುಗಿ ಆ ಆಸ್ತಿಯ ಲೆಕ್ಕ ಬರೆದ ಅಧಿಕಾರಿಗಳಲ್ಲಿ ವಿಲಿಯಂ ಕ್ಯಾವೆಂಡಿಷ್ ಒಬ್ಬ. ಲೆಕ್ಕ ಬರೆಯುವವನ ಕೈಗೂ ಒಂದಿಷ್ಟು ಭೂಮಿ ಅಂಟಿಕೊಂಡಿತು. 1546ರ ಹೊತ್ತಿಗೆ ಅವನು ರಾಜನ ಖಾಸಗಿ ಖಜಾನೆಯ ಅಧಿಕಾರಿಯಾಗಿದ್ದ, ‘ಸರ್’ ಪದವಿಯೂ ಬಂದಿತ್ತು. ಮರುವರ್ಷ ಅವನು ಮೂರನೆಯ ಮದುವೆಯಾದ. ಹುಡುಗಿ ಡರ್ಬಿಶೈರಿನ ಸಣ್ಣ ಜಮೀನುದಾರನ ಮಗಳು ಎಲಿಜಬೆತ್ ಹಾರ್ಡ್‌ವಿಕ್. ವಯಸ್ಸು ಇಪ್ಪತ್ತರ ಆಸುಪಾಸು, ಆಗಲೇ ಒಮ್ಮೆ ವಿಧವೆ. ಇತಿಹಾಸ ಅವಳನ್ನು ಕರೆಯುವುದು ‘ಹಾರ್ಡ್‌ವಿಕ್‌ನ ಬೆಸ್’ ಎಂದು.

ಮನೆತನವನ್ನು ಕಟ್ಟಿದವಳು ನಿಜಕ್ಕೂ ಈ ಬೆಸ್. ಅಲ್ಲಲ್ಲಿ ಚದುರಿದ್ದ ಗಂಡನ ಜಮೀನನ್ನು ಮಾರಿಸಿ ತನ್ನ ತವರು ಸೀಮೆಯಲ್ಲಿ ಆಸ್ತಿ ಕೊಳ್ಳುವಂತೆ ಮಾಡಿದಳು. 1549ರಲ್ಲಿ ಚಾಟ್ಸ್‌ವರ್ತ್ ಎಂಬ ಎಸ್ಟೇಟನ್ನು 600 ಪೌಂಡಿಗೆ ಕೊಂಡರು. ಎಂಟು ಮಕ್ಕಳಾದವು, ಆರು ಉಳಿದವು. 1557ರಲ್ಲಿ ಖಜಾನೆಯ ತಪಾಸಣೆ ನಡೆದಾಗ ವಿಲಿಯಂನ ಲೆಕ್ಕದಲ್ಲಿ 5,000 ಪೌಂಡಿಗೂ ಮೀರಿದ ಕೊರತೆ ಕಂಡಿತು. ಅದಕ್ಕೆ ಪೂರ್ತಿ ಉತ್ತರ ಕೊಡುವ ಮೊದಲೇ ಅವನು ತೀರಿಕೊಂಡ. ಸಾಲ ಹೆಂಡತಿಯ ತಲೆಗೆ ಬಂತು. ಚಾಟ್ಸ್‌ವರ್ತ್ ಮಾರಿ ಕೈತೊಳೆದುಕೊಳ್ಳಬಹುದಿತ್ತು, ಬೆಸ್ ಹಾಗೆ ಮಾಡಲಿಲ್ಲ. ಮೂರನೆಯ ಗಂಡನಾಗಿ ಎಲಿಜಬೆತ್ ರಾಣಿಯ ಆಪ್ತ ಅಧಿಕಾರಿಯನ್ನು ಆರಿಸಿಕೊಂಡಳು. ಅವನೂ ಸತ್ತ ಮೇಲೆ, ದೇಶದ ದೊಡ್ಡ ಶ್ರೀಮಂತರಲ್ಲಿ ಒಬ್ಬನಾಗಿದ್ದ ಶ್ರೂಸ್‌ಬರಿಯ ಅರ್ಲ್ ಜಾರ್ಜ್ ಟಾಲ್ಬಟ್‌ನ ಕೈಹಿಡಿದಳು. ಜೊತೆಗೇ ತನ್ನ ಒಬ್ಬ ಮಗನಿಗೆ ಅವನ ಮಗಳನ್ನು ತಂದಳು, ತನ್ನ ಒಬ್ಬ ಮಗಳನ್ನು ಅವನ ಮಗನಿಗೆ ಕೊಟ್ಟಳು. ಕೊಟ್ಟು ತರುವ ಸಂಬಂಧದಿಂದ ಆಸ್ತಿ ಹೊರಗೆ ಹೋಗದಂತೆ ನೋಡಿಕೊಳ್ಳುವ ಜಾಣತನ ನಮ್ಮ ಊರಿನ ಗೌಡರ ಮನೆಗಳಿಗೆ ಮಾತ್ರ ಗೊತ್ತಿದ್ದದ್ದಲ್ಲ.

ಈ ನಾಲ್ಕನೆಯ ಮದುವೆಯ ಜೊತೆ ಒಂದು ಶನಿಯೂ ಬಂತು. ಸ್ಕಾಟ್ಲೆಂಡಿನಿಂದ ಓಡಿಬಂದ ರಾಣಿ ಮೇರಿಯನ್ನು ಸೆರೆಯಲ್ಲಿಟ್ಟು ಕಾಯುವ ಹೊಣೆಯನ್ನು ಎಲಿಜಬೆತ್ ರಾಣಿ ಈ ದಂಪತಿಗೆ ವಹಿಸಿದಳು. 1569ರಿಂದ 1584ರವರೆಗೆ, ಹದಿನೈದು ವರ್ಷ. ಸೆರೆಯ ರಾಣಿಯ ಪರಿವಾರಕ್ಕೆ ಊಟ ಹಾಕುವಷ್ಟರಲ್ಲಿ ಅರ್ಲ್ ಹೈರಾಣಾದ. ಮೊದಮೊದಲು ಬೆಸ್ ಮತ್ತು ಮೇರಿ ಕೂತು ಕಸೂತಿ ಹಾಕುತ್ತಿದ್ದರು, ಕೊನೆಕೊನೆಗೆ ಮನೆಯೇ ಒಡೆದು ಗಂಡ ಹೆಂಡಿರು ದೂರವಾದರು. ಗಂಡ ಸತ್ತ ವರ್ಷ, 1590ರಲ್ಲಿ, ಬೆಸ್ ಹೊಸ ಹಾರ್ಡ್‌ವಿಕ್ ಹಾಲ್ ಕಟ್ಟಿಸಲು ತೊಡಗಿದಳು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಗೋಡೆಗಿಂತ ಕಿಟಕಿಯೇ ಹೆಚ್ಚೆನಿಸುವ ಮನೆ ಅದು. ಗೋಪುರಗಳ ನೆತ್ತಿಯ ಮೇಲೆ ತನ್ನ ಹೆಸರಿನ ಎರಡು ಅಕ್ಷರಗಳನ್ನು ಕಲ್ಲಿನಲ್ಲಿ ನಿಲ್ಲಿಸಿದಳು. ಈಗಲೂ ಅವು ಮೈಲಿಗಟ್ಟಲೆ ದೂರದಿಂದ ಕಾಣುತ್ತವೆ.

ಬೆಸ್‌ಳ ಎರಡನೆಯ ಮಗ ವಿಲಿಯಂ 1618ರಲ್ಲಿ ಡೆವನ್‌ಶೈರಿನ ಅರ್ಲ್ ಆದ. ಪದವಿಯ ಬೆಲೆ 10,000 ಪೌಂಡ್. ಒಂದನೇ ಜೇಮ್ಸ್‌ನ ಕಾಲದಲ್ಲಿ ಬಿರುದುಗಳು ಬಹಿರಂಗವಾಗಿಯೇ ಬಿಕರಿಯಾಗುತ್ತಿದ್ದವು. ಇವರ ಆಸ್ತಿಯ ಬಹುಪಾಲು ಡರ್ಬಿಶೈರಿನಲ್ಲಿ, ಬಿರುದು ಮಾತ್ರ ದೂರದ ಡೆವನ್‌ಶೈರಿನದು. ಈ ಮನೆಯ ಹುಡುಗರಿಗೆ ಪಾಠ ಹೇಳಲು ಬಂದ ಯುವಕ ಥಾಮಸ್ ಹಾಬ್ಸ್. ಮುಂದೆ ‘ಲೆವಯಥನ್’ ಬರೆದ ಆ ತತ್ತ್ವಜ್ಞಾನಿ ಬದುಕಿನ ಬಹುಪಾಲನ್ನು ಕ್ಯಾವೆಂಡಿಷರ ಆಶ್ರಯದಲ್ಲೇ ಕಳೆದು, 1679ರಲ್ಲಿ ತೊಂಬತ್ತೊಂದನೆಯ ವಯಸ್ಸಿನಲ್ಲಿ ಹಾರ್ಡ್‌ವಿಕ್‌ನಲ್ಲೇ ಕೊನೆಯುಸಿರೆಳೆದ.

ಬೆಸ್‌ಳ ಮೂರನೆಯ ಮಗನ ಕವಲು ಬೇರೆ ದಾರಿ ಹಿಡಿಯಿತು. ಅವಳ ಮೊಮ್ಮಗ, ಇನ್ನೊಬ್ಬ ವಿಲಿಯಂ, ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜನ ಪರವಾಗಿ ಉತ್ತರದ ಸೈನ್ಯ ನಡೆಸಿ 1644ರಲ್ಲಿ ಮಾರ್ಸ್ಟನ್ ಮೂರ್‌ನಲ್ಲಿ ಸೋತ. ಸೋತವನು ದೇಶವನ್ನೇ ಬಿಟ್ಟ. ದೇಶಭ್ರಷ್ಟನಾಗಿ ಆಂಟ್ವರ್ಪ್‌ನಲ್ಲಿ, ಚಿತ್ರಕಾರ ರೂಬೆನ್ಸ್ ಬಾಳಿದ್ದ ಮನೆಯಲ್ಲಿ ಬಾಡಿಗೆಗಿದ್ದು, ಕುದುರೆ ಪಳಗಿಸುವ ಕಲೆಯ ಬಗ್ಗೆ ಪುಸ್ತಕ ಬರೆದ. ಅವನ ಹೆಂಡತಿ ಮಾರ್ಗರೆಟ್ ಇನ್ನೂ ಹೆಚ್ಚು ಬರೆದಳು: ಕವಿತೆ, ನಾಟಕ, ತತ್ತ್ವಶಾಸ್ತ್ರ, ಗಂಡನ ಚರಿತ್ರೆ. 1666ರಲ್ಲಿ ಅವಳು ಪ್ರಕಟಿಸಿದ ‘ದಿ ಬ್ಲೇಜಿಂಗ್ ವರ್ಲ್ಡ್’ ಕಥೆಯಲ್ಲಿ ಉತ್ತರ ಧ್ರುವದಾಚೆ ಇನ್ನೊಂದು ಲೋಕವಿದೆ. ಅಲ್ಲಿಗೆ ಹೋದ ಹೆಣ್ಣು ಸಾಮ್ರಾಜ್ಞಿಯಾಗಿ ಕರಡಿಮನುಷ್ಯ, ಹಕ್ಕಿಮನುಷ್ಯರೆಂಬ ವಿಜ್ಞಾನಿಗಳನ್ನು ಪ್ರಶ್ನಿಸುತ್ತಾಳೆ. ವೈಜ್ಞಾನಿಕ ಕಲ್ಪನಾಕಥೆಯ ಚರಿತ್ರೆ ಬರೆಯುವವರು ಇಂದು ಈ ಪುಸ್ತಕವನ್ನು ಮರೆಯುವುದಿಲ್ಲ. ಹೆಂಗಸರು ಸ್ವಂತ ಹೆಸರಿನಲ್ಲಿ ಪುಸ್ತಕ ಅಚ್ಚುಹಾಕಿಸುವುದೇ ಅಪರೂಪವಾಗಿದ್ದ ಕಾಲ. ಲಂಡನ್ನಿನ ಜನ ಅವಳನ್ನು ಹುಚ್ಚಿ ಎಂದರು. 1667ರ ಮೇ 30ರಂದು ಅವಳು ವಿಜ್ಞಾನಿಗಳ ಸಂಸ್ಥೆಯಾದ ರಾಯಲ್ ಸೊಸೈಟಿಗೆ ಬಂದು ಗಾಳಿಯನ್ನು ತೂಗುವ ಪ್ರಯೋಗವನ್ನೂ ಸೂಕ್ಷ್ಮದರ್ಶಕವನ್ನೂ ನೋಡಿದಳು. ಆ ಸಂಸ್ಥೆಯ ಸಭೆಗೆ ಕಾಲಿಟ್ಟ ಮೊದಲ ಹೆಣ್ಣು ಅವಳು. ಸೊಸೈಟಿ ಹೆಂಗಸರನ್ನು ಸದಸ್ಯರನ್ನಾಗಿ ಆರಿಸಿದ್ದು ಅದಾಗಿ 278 ವರ್ಷದ ಮೇಲೆ, 1945ರಲ್ಲಿ.

ಡೆವನ್‌ಶೈರಿನ ಕವಲಿಗೆ ದೊಡ್ಡ ಬಡ್ತಿ ಸಿಕ್ಕಿದ್ದು ಒಂದು ಪತ್ರದಿಂದ. 1688ರಲ್ಲಿ ದೊರೆ ಎರಡನೇ ಜೇಮ್ಸ್‌ನನ್ನು ಇಳಿಸಲು ಬರಬೇಕೆಂದು ಹಾಲೆಂಡಿನ ವಿಲಿಯಂನಿಗೆ ಗುಟ್ಟಾಗಿ ಕರೆ ಕಳಿಸಿದ ಏಳು ಜನರಲ್ಲಿ ನಾಲ್ಕನೆಯ ಅರ್ಲ್ ಒಬ್ಬ. ಸಂಚು ಮುರಿದಿದ್ದರೆ ತಲೆ ಹೋಗುತ್ತಿತ್ತು. ಗೆದ್ದದ್ದರಿಂದ 1694ರಲ್ಲಿ ಅವನು ಡೆವನ್‌ಶೈರಿನ ಮೊದಲ ಡ್ಯೂಕ್ ಆದ. ಅಲ್ಲಿಂದ ಮುಂದೆ ವಿಗ್ ಪಕ್ಷದ ರಾಜಕಾರಣವೆಂದರೆ ಅರ್ಧ ಕ್ಯಾವೆಂಡಿಷರ ಮನೆಯ ಮಾತು. ನಾಲ್ಕನೆಯ ಡ್ಯೂಕ್ 1756ರ ಕೊನೆಯಿಂದ ಕೆಲವು ತಿಂಗಳು ಪ್ರಧಾನಿಯೂ ಆಗಿದ್ದ. ಅವನ ಮದುವೆಯಿಂದ ಬರ್ಲಿಂಗ್ಟನ್ ಮನೆತನದ ಆಸ್ತಿ ಈ ಮನೆಗೆ ಬಂತು: ಐರ್ಲೆಂಡಿನ ಲಿಸ್ಮೋರ್ ಕೋಟೆ, ಯಾರ್ಕ್‌ಶೈರಿನ ಬೋಲ್ಟನ್ ಆ್ಯಬಿ, ಲಂಡನ್ನಿನ ಅಂಚಿನ ಚಿಸಿಕ್ ಬಂಗಲೆ.

ಅವನ ಮಗ ಐದನೆಯ ಡ್ಯೂಕ್ ಹೆಚ್ಚು ಮಾತಾಡದವನು. ಮಾತು, ಬೆಡಗು, ಸಾಲ ಎಲ್ಲವೂ ಅವನ ಹೆಂಡತಿ ಜಾರ್ಜಿಯಾನಾ ಸ್ಪೆನ್ಸರ್‌ಳ ಪಾಲಿಗೆ ಬಂದಿದ್ದವು. 1784ರ ಚುನಾವಣೆಯಲ್ಲಿ ವಿಗ್ ನಾಯಕ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಪರವಾಗಿ ವೆಸ್ಟ್‌ಮಿನ್‌ಸ್ಟರಿನ ಬೀದಿಬೀದಿ ಅಲೆದು ಮತ ಕೇಳಿದಳು. ಒಬ್ಬ ಕಟುಕನಿಗೆ ಮುತ್ತು ಕೊಟ್ಟು ಮತ ಪಡೆದಳೆಂದು ವ್ಯಂಗ್ಯಚಿತ್ರಕಾರರು ಬರೆದದ್ದೇ ಬರೆದದ್ದು. ಫಾಕ್ಸ್ ಗೆದ್ದ, ಅವಳ ಮರ್ಯಾದೆ ಬೀದಿಗೆ ಬಿತ್ತು. ಗೇನ್ಸ್‌ಬರೊ ಬರೆದ ಅವಳ ಚಿತ್ರಕ್ಕೂ ನೆಮ್ಮದಿಯಿರಲಿಲ್ಲ. 1876ರಲ್ಲಿ ಲಂಡನ್ನಿನ ಕಲಾ ಮಳಿಗೆಯಿಂದ ಕಳುವಾಗಿ, 1901ರಲ್ಲಿ ಷಿಕಾಗೊದಲ್ಲಿ ಸಿಕ್ಕಿ, 1994ರಲ್ಲಿ ಹರಾಜಿನ ಮೂಲಕ ಅದು ಚಾಟ್ಸ್‌ವರ್ತ್ ಸೇರಿತು.

ಇದೇ ಕಾಲದಲ್ಲಿ ಇದೇ ಮನೆತನದ ಇನ್ನೊಬ್ಬನಿಗೆ ಹೆಂಗಸರ ಎದುರು ಬಾಯಿ ಬಿಡಲೂ ಆಗುತ್ತಿರಲಿಲ್ಲ. ಹೆನ್ರಿ ಕ್ಯಾವೆಂಡಿಷ್ ಎರಡನೆಯ ಡ್ಯೂಕನ ಕಿರಿಯ ಮಗನ ಮಗ. ಇಂಗ್ಲೆಂಡಿನ ಪದ್ಧತಿಯಲ್ಲಿ ಪದವಿಯೂ ಆಸ್ತಿಯೂ ಹಿರಿಯ ಮಗನಿಗೆ. ಕಿರಿಯರು ತಮ್ಮ ಪಾಡು ತಾವು ನೋಡಿಕೊಳ್ಳಬೇಕು. ಹೆನ್ರಿಯ ತಂದೆ ಪ್ರಯೋಗಗಳಲ್ಲಿ ಆಸಕ್ತಿಯಿದ್ದವನು. ಮಗ ಕೇಂಬ್ರಿಡ್ಜ್‌ಗೆ ಹೋಗಿ ಪದವಿ ಪಡೆಯದೆ ಮರಳಿ, ತಂದೆಯ ಉಪಕರಣಗಳ ನಡುವೆ ಸೇರಿಕೊಂಡ. ಊಟಕ್ಕೇನು ಬೇಕೆಂಬುದನ್ನು ಚೀಟಿಯಲ್ಲಿ ಬರೆದಿಡುತ್ತಿದ್ದ, ಕೆಲಸದ ಹೆಂಗಸರು ಎದುರಾಗದಿರಲೆಂದು ಮನೆಗೆ ಬೇರೆ ಮೆಟ್ಟಿಲು ಕಟ್ಟಿಸಿದ ಎಂದು ಸಮಕಾಲೀನರು ಬರೆದಿದ್ದಾರೆ.

ಹೊತ್ತಿ ಉರಿಯುವ ಒಂದು ಅನಿಲ ಬೇರೆಯೇ ಇದೆ ಎಂದು ಅವನು 1766ರಲ್ಲಿ ತೋರಿಸಿದ. ಅದು ಹೈಡ್ರೋಜನ್. ಅದನ್ನು ಆಮ್ಲಜನಕದೊಡನೆ ಉರಿಸಿದರೆ ನೀರಾಗುತ್ತದೆ ಎಂದು ಕಂಡುಕೊಂಡ. 1785ರಲ್ಲಿ ಗಾಳಿಯ ಸಾರಜನಕವನ್ನೆಲ್ಲ ವಿದ್ಯುತ್ ಕಿಡಿಯಿಂದ ತೆಗೆದ ಮೇಲೂ ಒಂದು ಪುಟ್ಟ ಗುಳ್ಳೆ ಉಳಿಯಿತು. ಅದು ಸಾರಜನಕದ 120ನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ ಎಂದು ಬರೆದಿಟ್ಟ. ಆ ಗುಳ್ಳೆ ಆರ್ಗಾನ್ ಎಂದು ಜಗತ್ತಿಗೆ ತಿಳಿದದ್ದು 1894ರಲ್ಲಿ. 1797–98ರಲ್ಲಿ, ಅರವತ್ತಾರು ವಯಸ್ಸಿನ ಹೆನ್ರಿ ಲಂಡನ್ ಬಳಿಯ ಕ್ಲಾಪಮ್‌ನ ತನ್ನ ಮನೆಯ ಅಂಗಳದ ಕಟ್ಟಡದಲ್ಲಿ ಭೂಮಿಯ ಸಾಂದ್ರತೆ ಅಳೆಯಲು ಹೊರಟ. ತಲಾ 158 ಕಿಲೊ ತೂಕದ ಎರಡು ಸೀಸದ ಗುಂಡು, ತಂತಿಯಲ್ಲಿ ತೂಗುಬಿಟ್ಟ ಕೋಲಿನ ತುದಿಗಳಲ್ಲಿ ಎರಡು ಸಣ್ಣ ಗುಂಡು. ದೊಡ್ಡವು ಸಣ್ಣವನ್ನು ಎಷ್ಟು ಸೆಳೆಯುತ್ತವೆ ಎಂಬುದೇ ಪ್ರಶ್ನೆ. ಮನುಷ್ಯನ ಮೈಶಾಖಕ್ಕೆ ಗಾಳಿ ಅಲುಗಿದರೂ ಲೆಕ್ಕ ಕೆಡುತ್ತದೆಂದು ಅವನು ಕೋಣೆಯನ್ನು ಮುಚ್ಚಿ, ಹೊರಗಿನಿಂದ ದೂರದರ್ಶಕದಲ್ಲಿ ನೋಡುತ್ತಿದ್ದ. ಭೂಮಿಯ ಸಾಂದ್ರತೆ ನೀರಿನ 5.48 ಪಟ್ಟು ಎಂದು ಪ್ರಕಟಿಸಿದ. ಇಂದಿನ ಲೆಕ್ಕ 5.51.

ಬಂಧುಗಳಿಂದ ಬಂದ ಆಸ್ತಿಯಿಂದ ಹೆನ್ರಿ ದೊಡ್ಡ ಶ್ರೀಮಂತನಾಗಿದ್ದ. ಬಟ್ಟೆ ಮಾತ್ರ ಹಳೆಯ ಕಾಲದ್ದು. 1810ರಲ್ಲಿ ಸತ್ತಾಗ ಬಿಟ್ಟುಹೋದದ್ದು ಸುಮಾರು ಹತ್ತು ಲಕ್ಷ ಪೌಂಡ್. ಅದರ ಬಹುಭಾಗ ನಾಲ್ಕನೆಯ ಡ್ಯೂಕನ ಕಿರಿಯ ಮಗ ಜಾರ್ಜ್‌ಗೆ ಹೋಯಿತು. ಈ ಹಣದ ಮುಂದಿನ ದಾರಿ ಗಮನಿಸಬೇಕಾದದ್ದು. ಅದಕ್ಕೆ ಮುಂಚೆ ಜಾರ್ಜ್‌ನ ಅಕ್ಕ ಡೊರೊಥಿಯ ಮಗನ ಕಥೆ.

ಡೊರೊಥಿ ಪೋರ್ಟ್‌ಲಂಡಿನ ಡ್ಯೂಕ್‌ನನ್ನು ಮದುವೆಯಾಗಿದ್ದಳು. ಅವಳ ಎರಡನೆಯ ಮಗ ವಿಲಿಯಂ ಕ್ಯಾವೆಂಡಿಷ್ ಬೆಂಟಿಂಕ್, ನಮ್ಮ ಶಾಲಾ ಪುಸ್ತಕಗಳ ಲಾರ್ಡ್ ವಿಲಿಯಂ ಬೆಂಟಿಂಕ್. 1803ರಲ್ಲಿ ಮದ್ರಾಸಿನ ಗವರ್ನರ್ ಆದಾಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. 1806ರ ಜುಲೈನಲ್ಲಿ ವೆಲ್ಲೂರು ಕೋಟೆಯ ಸಿಪಾಯಿಗಳು ದಂಗೆಯೆದ್ದರು. ಹಣೆಯ ನಾಮ ಅಳಿಸಬೇಕು, ಗಡ್ಡ ತೆಗೆಯಬೇಕು, ಹೊಸ ಬಗೆಯ ಪೇಟ ಇಡಬೇಕು ಎಂಬ ಸೈನ್ಯದ ಆಜ್ಞೆ ಕಿಡಿ ಹೊತ್ತಿಸಿತ್ತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ಕೋಟೆ ಅದೇ. ದಂಗೆಕೋರರು ಮೈಸೂರಿನ ಹುಲಿಪಟ್ಟೆಯ ಬಾವುಟ ಹಾರಿಸಿದರು. ಮರುವರ್ಷ ಬೆಂಟಿಂಕ್‌ನನ್ನು ಈಸ್ಟ್ ಇಂಡಿಯಾ ಕಂಪನಿ ವಾಪಸು ಕರೆಸಿಕೊಂಡಿತು. ಆ ಅವಮಾನ ತೊಳೆದುಕೊಳ್ಳಲು ಅವನು ಎರಡು ದಶಕ ಕಾದು 1828ರಲ್ಲಿ ಗವರ್ನರ್ ಜನರಲ್ ಆಗಿ ಬಂದ. 1829ರಲ್ಲಿ ಸತಿ ಪದ್ಧತಿ ನಿಷೇಧಿಸಿದ. ಕಂಪನಿಯ ಖರ್ಚು ಕಡಿತ ಮಾಡಿದ.

1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹೊರೆ ತಾಳದೆ ಬಂಡೆದ್ದರು. ಮೈಸೂರಿನ ಆಡಳಿತ ಕೆಟ್ಟಿದೆ, 1799ರ ಒಪ್ಪಂದದ ಪ್ರಕಾರ ಕಂಪನಿಯ ಹಣಕ್ಕೆ ಅಪಾಯವಿದೆ ಎಂಬ ಕಾರಣ ಕೊಟ್ಟು 1831ರ ಅಕ್ಟೋಬರಿನಲ್ಲಿ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಅಧಿಕಾರ ಕಸಿದುಕೊಂಡ. ಮುಂದೆ ನಡೆದ ವಿಚಾರಣೆಯ ವರದಿ ನೋಡಿದ ಮೇಲೆ ಅವನಿಗೇ ಅಳುಕು ಹುಟ್ಟಿತು. ರಾಜ್ಯದ ಒಂದು ಭಾಗವನ್ನಾದರೂ ಅರಸರಿಗೆ ಮರಳಿಸೋಣ ಎಂದು 1834ರಲ್ಲಿ ಬರೆದ, ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಅದೇ ವರ್ಷ ಕೊಡಗನ್ನೂ ಕಂಪನಿ ನುಂಗಿತು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದವರಿಗೆ ಆ ಪ್ರಸಂಗ ಗೊತ್ತು.

ಬೆಂಟಿಂಕ್ ಭಾರತದಲ್ಲಿ ಕೂತು ಇವನ್ನೆಲ್ಲ ನಿರ್ಧರಿಸುತ್ತಿದ್ದ ದಿನಗಳಲ್ಲಿ, ಚಾಟ್ಸ್‌ವರ್ತ್‌ನಲ್ಲಿ ಅವನ ಸೋದರಮಾವನ ಮಗ ಆರನೆಯ ಡ್ಯೂಕ್ ಗಿಡಗಳ ಹುಚ್ಚು ಹತ್ತಿಸಿಕೊಂಡಿದ್ದ. ಮದುವೆಯಾಗದ ಈ ಡ್ಯೂಕನಿಗೆ ಸಿಕ್ಕ ನಿಧಿಯೆಂದರೆ ಜೋಸೆಫ್ ಪ್ಯಾಕ್ಸ್ಟನ್ ಎಂಬ ತೋಟಗಾರ. ರೈತನ ಮಗ, 1826ರಲ್ಲಿ ಇಪ್ಪತ್ತೆರಡನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದವನು. ಡ್ಯೂಕನ ದುಡ್ಡಿನಲ್ಲಿ ಅವನು ಗಾಜಿನ ದೊಡ್ಡ ಸಸ್ಯಗೃಹ ಕಟ್ಟಿದ. 1835ರಲ್ಲಿ ಜಾನ್ ಗಿಬ್ಸನ್ ಎಂಬ ಸಹಾಯಕನನ್ನು ಭಾರತಕ್ಕೆ ಕಳಿಸಿ ಖಾಸಿ ಬೆಟ್ಟಗಳಿಂದ ಆರ್ಕಿಡ್‌ಗಳನ್ನು ತರಿಸಿದ. ಮಾರಿಷಸ್‌ನಿಂದ ಇಂಗ್ಲೆಂಡಿಗೆ ಬಂದಿದ್ದ ಒಂದು ಗಿಡ್ಡ ಬಾಳೆ ಅವನ ಬಿಸಿಮನೆಯಲ್ಲಿ 1835ರ ನವೆಂಬರಿನಲ್ಲಿ ಹೂಬಿಟ್ಟು, ಮುಂದಿನ ಬೇಸಿಗೆಯ ಹೊತ್ತಿಗೆ ನೂರಕ್ಕೂ ಹೆಚ್ಚು ಕಾಯಿ ಕೊಟ್ಟಿತು. ಅದಕ್ಕೆ ಯಜಮಾನನ ಮನೆತನದ ಹೆಸರಿಟ್ಟ. ಜಾನ್ ವಿಲಿಯಮ್ಸ್ ಎಂಬ ಪಾದ್ರಿ ಅದರ ಸಸಿಯನ್ನು ಪೆಸಿಫಿಕ್ ಸಾಗರದ ಸಮೋವಾಕ್ಕೆ ಒಯ್ದ. ಇಪ್ಪತ್ತನೆಯ ಶತಮಾನದ ನಡುವೆ ಪನಾಮಾ ಸೊರಗು ರೋಗ ಅಂದಿನ ರಫ್ತು ತಳಿಯಾದ ಗ್ರೋಸ್ ಮಿಷೆಲ್‌ನ ತೋಟಗಳನ್ನು ನೆಲಸಮ ಮಾಡಿದಾಗ ಆ ಜಾಗಕ್ಕೆ ಬಂದದ್ದು ಕ್ಯಾವೆಂಡಿಷ್ ಗುಂಪಿನ ತಳಿಗಳು. ನಮ್ಮ ಪೇಟೆಯ ಪಚ್ಚಬಾಳೆ, ರೈತರು ಅಂಗಾಂಶ ಸಸಿ ತಂದು ಬೆಳೆಯುವ ಜಿ-9 ಇದೇ ಗುಂಪಿನವು. ಆ ಸೊರಗು ರೋಗದ ಹೊಸ ರೂಪವೊಂದು ಈಗ ಇವುಗಳ ಬೇರಿಗೂ ಇಳಿದಿದೆ.

ಪ್ಯಾಕ್ಸ್ಟನ್ ಅಲ್ಲಿಗೆ ನಿಲ್ಲಲಿಲ್ಲ. ಚಾಟ್ಸ್‌ವರ್ತ್‌ನಲ್ಲಿ ಕಲಿತ ಗಾಜು–ಕಬ್ಬಿಣದ ವಿದ್ಯೆಯಿಂದ 1851ರ ಲಂಡನ್ ಮಹಾಪ್ರದರ್ಶನಕ್ಕೆ ಕ್ರಿಸ್ಟಲ್ ಪ್ಯಾಲೆಸ್ ಕಟ್ಟಿದ, ‘ಸರ್’ ಆದ, ಪಾರ್ಲಿಮೆಂಟಿಗೂ ಹೋದ. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆ ನೋಡಿದವರು ಆ ಕ್ರಿಸ್ಟಲ್ ಪ್ಯಾಲೆಸ್‌ನ ಹೆಸರನ್ನು ಕೇಳಿಯೇ ಇರುತ್ತಾರೆ.

1858ರಲ್ಲಿ ಆರನೆಯ ಡ್ಯೂಕ್ ಮಕ್ಕಳಿಲ್ಲದೆ ಸತ್ತ. ಪದವಿ ಕಿರಿಯ ಕವಲಿಗೆ, ಹೆನ್ರಿಯ ಹಣ ಪಡೆದಿದ್ದ ಜಾರ್ಜ್‌ನ ಮೊಮ್ಮಗ ವಿಲಿಯಂಗೆ ಬಂತು. ವಿಜ್ಞಾನಿಯ ಸಂಪತ್ತು ಹೀಗೆ ಸುತ್ತಿ ಬಳಸಿ ಡ್ಯೂಕರ ಖಜಾನೆಗೆ ಸೇರಿತು. ಈ ಏಳನೆಯ ಡ್ಯೂಕ್ ಕೇಂಬ್ರಿಡ್ಜ್‌ನ ಗಣಿತ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಪಡೆದಿದ್ದವನು, ಆ ವಿಶ್ವವಿದ್ಯಾಲಯದ ಕುಲಾಧಿಪತಿ. ಪ್ರಯೋಗಶಾಲೆ ಕಟ್ಟಲು ವಿಶ್ವವಿದ್ಯಾಲಯ ಹಣವಿಲ್ಲವೆಂದು ಕೈಚೆಲ್ಲಿದಾಗ, 1870ರಲ್ಲಿ 6,300 ಪೌಂಡ್ ತಾನೇ ಕೊಡುವುದಾಗಿ ಬರೆದ. 1874ರಲ್ಲಿ ಕಟ್ಟಡ ಸಿದ್ಧವಾಯಿತು. ಮೊದಲ ಪ್ರಾಧ್ಯಾಪಕ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್‌ಗೆ ಡ್ಯೂಕ್ ಒಪ್ಪಿಸಿದ್ದು ಹೆನ್ರಿ ಅಚ್ಚುಹಾಕಿಸದೇ ಉಳಿಸಿದ್ದ ವಿದ್ಯುತ್ ಪ್ರಯೋಗಗಳ ಟಿಪ್ಪಣಿಗಳನ್ನು. ಓಮ್, ಕೂಲಂಬ್ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮಗಳು ಅವರಿಗಿಂತ ಮೊದಲೇ ಅವುಗಳಲ್ಲಿದ್ದವು. ವಿದ್ಯುತ್ ಅಳೆಯುವ ಉಪಕರಣವಿಲ್ಲದ ಕಾಲದಲ್ಲಿ ಹೆನ್ರಿ ಷಾಕ್ ಎಷ್ಟು ಹೊಡೆಯಿತೆಂದು ತನ್ನ ಮೈಯಲ್ಲೇ ಅಳೆದಿದ್ದ. ಮ್ಯಾಕ್ಸ್‌ವೆಲ್ ಆ ಕಾಗದಗಳನ್ನು 1879ರಲ್ಲಿ ಪ್ರಕಟಿಸಿದ, ಅದೇ ವರ್ಷ ತೀರಿಕೊಂಡ.

ಅದೇ ಕ್ಯಾವೆಂಡಿಷ್ ಪ್ರಯೋಗಶಾಲೆ. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡದ್ದು, 1932ರಲ್ಲಿ ಚಾಡ್ವಿಕ್ ನ್ಯೂಟ್ರಾನ್ ಕಂಡದ್ದು, 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆ ಬಿಡಿಸಿದ್ದು ಅಲ್ಲೇ. ಹೋಮಿ ಭಾಭಾ ಸಂಶೋಧನೆ ಮಾಡಿದ್ದೂ ಅಲ್ಲೇ. 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದವರು ಯುದ್ಧ ಆರಂಭವಾದ್ದರಿಂದ ಮರಳಲಾಗದೆ ಬೆಂಗಳೂರಿನ ವಿಜ್ಞಾನ ಸಂಸ್ಥೆ ಸೇರಿದರು.

ಏಳನೆಯ ಡ್ಯೂಕನ ಹಿರಿಮಗ ಹಾರ್ಟಿಂಗ್ಟನ್ 1880ರಲ್ಲಿ ಗ್ಲಾಡ್‌ಸ್ಟನ್ ಸಂಪುಟದ ಭಾರತ ಮಂತ್ರಿಯಾದ. ಮೈಸೂರನ್ನು ಮರಳಿಸುವ ತೀರ್ಮಾನ ಹಿಂದಿನವರು 1867ರಲ್ಲೇ ಮಾಡಿದ್ದು. ಅದು ಕೈಗೂಡಿದ್ದು ಇವನ ಕಾಲದಲ್ಲಿ: 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಹಸ್ತಾಂತರವಾಯಿತು, ರಂಗಾಚಾರ್ಲು ದಿವಾನರಾದರು. ಇಂಗ್ಲೆಂಡಿನ ಪ್ರಧಾನಿಗಿರಿ ಹಾರ್ಟಿಂಗ್ಟನ್‌ಗೆ ಮೂರು ಬಾರಿ ಒದಗಿ ಬಂತು, ಮೂರು ಬಾರಿಯೂ ಬೇಡವೆಂದ.

ಅವನ ತಮ್ಮ ಫ್ರೆಡರಿಕ್‌ಗೆ ಅಷ್ಟು ಆಯುಷ್ಯವಿರಲಿಲ್ಲ. ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿ 1882ರ ಮೇ 6ರಂದು ಡಬ್ಲಿನ್ನಿಗೆ ಬಂದಿಳಿದ. ಅಂದೇ ಸಂಜೆ ಫೀನಿಕ್ಸ್ ಪಾರ್ಕಿನಲ್ಲಿ ಹಿರಿಯ ಅಧಿಕಾರಿ ಬರ್ಕ್ ಜೊತೆ ನಡೆದು ಹೋಗುತ್ತಿದ್ದಾಗ ‘ಇನ್‌ವಿನ್ಸಿಬಲ್ಸ್’ ಎಂಬ ಗುಪ್ತ ಗುಂಪಿನವರು ಶಸ್ತ್ರಚಿಕಿತ್ಸೆಯ ಚಾಕುಗಳಿಂದ ಇಬ್ಬರನ್ನೂ ಇರಿದು ಕೊಂದರು. ಅವರ ಗುರಿ ಬರ್ಕ್, ಫ್ರೆಡರಿಕ್ ಜೊತೆಗಿದ್ದದ್ದಕ್ಕೆ ಸತ್ತ. ನಾಲ್ಕು ವರ್ಷದ ಮೇಲೆ ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವ ಪ್ರಶ್ನೆ ಬಂದಾಗ ಹಾರ್ಟಿಂಗ್ಟನ್ ಗ್ಲಾಡ್‌ಸ್ಟನ್‌ನಿಂದ ಬೇರೆಯಾದ, ಲಿಬರಲ್ ಪಕ್ಷ ಒಡೆಯಿತು. ಫ್ರೆಡರಿಕ್‌ನ ಹೆಂಡತಿ ಲೂಸಿ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದಳು. ಕೇಂಬ್ರಿಡ್ಜ್‌ನಲ್ಲಿ 1965ರಲ್ಲಿ ಆರಂಭವಾದ ಒಂದು ಕಾಲೇಜಿಗೆ ಅವಳ ಹೆಸರಿದೆ.

ಇಪ್ಪತ್ತನೆಯ ಶತಮಾನ ಈ ಮನೆಗೆ ಕಠಿಣವಾಯಿತು. ಹತ್ತನೆಯ ಡ್ಯೂಕನ ಹಿರಿಮಗ ಬಿಲ್ಲಿ 1944ರ ಮೇ ತಿಂಗಳಲ್ಲಿ ಜಾನ್ ಎಫ್. ಕೆನಡಿಯ ತಂಗಿ ಕ್ಯಾಥ್ಲೀನ್‌ಳನ್ನು ಮದುವೆಯಾದ. ಸೆಪ್ಟೆಂಬರಿನಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಗುಂಡೇಟಿಗೆ ಬಲಿಯಾದ. ನಾಲ್ಕು ವರ್ಷದಲ್ಲಿ ಅವಳೂ ವಿಮಾನ ಅಪಘಾತದಲ್ಲಿ ತೀರಿಕೊಂಡಳು. ಮರಣ ತೆರಿಗೆ ತಪ್ಪಿಸಲು ತಂದೆ ಆಸ್ತಿಯನ್ನು ಮುಂಚೆಯೇ ವರ್ಗಾಯಿಸಿದ್ದ. ಕಾನೂನಿನ ಪ್ರಕಾರ ಅದಾದ ಮೇಲೆ ಅವನು ಐದು ವರ್ಷ ಬದುಕಿರಬೇಕಿತ್ತು. 1950ರ ನವೆಂಬರಿನಲ್ಲಿ ಸತ್ತಾಗ ಆ ಗಡುವಿಗೆ ಉಳಿದಿದ್ದದ್ದು ಹದಿನಾಲ್ಕು ವಾರ. ಆಸ್ತಿಯ ಮೇಲೆ ಶೇಕಡ 80ರಷ್ಟು ತೆರಿಗೆ ಬಿತ್ತು. ಕಿರಿಯ ಮಗ ಆಂಡ್ರೂ ಸಾವಿರಾರು ಎಕರೆ ಮಾರಿದ. ಬೆಸ್ ಕಟ್ಟಿಸಿದ ಹಾರ್ಡ್‌ವಿಕ್ ಹಾಲ್ ಸರ್ಕಾರದ ಪಾಲಾಗಿ ಅಲ್ಲಿಂದ ನ್ಯಾಷನಲ್ ಟ್ರಸ್ಟ್ ಕೈಸೇರಿತು. ಗೋಡೆಯಿಂದಿಳಿದು ಹೋದ ಕಲಾಕೃತಿಗಳಲ್ಲಿ ಹೋಲ್ಬೈನ್ ಬರೆದ ಎಂಟನೇ ಹೆನ್ರಿಯ ಆಳೆತ್ತರದ ರೇಖಾಚಿತ್ರವೂ ಇತ್ತು. ಮಠಗಳನ್ನು ಮುಚ್ಚಿಸಿ ಈ ಮನೆತನದ ಸಿರಿಗೆ ದಾರಿಮಾಡಿದ ದೊರೆ ತೆರಿಗೆಯ ಲೆಕ್ಕಕ್ಕೆ ಜಮೆಯಾಗಿ ಈಗ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದ್ದಾನೆ. ಆಂಡ್ರೂವಿನ ಹೆಂಡತಿ, ಮಿಟ್‌ಫರ್ಡ್ ಸೋದರಿಯರಲ್ಲಿ ಕಿರಿಯಳಾದ ಡೆಬೊರಾ, ಚಾಟ್ಸ್‌ವರ್ತ್‌ಅನ್ನು ಜನ ಟಿಕೆಟ್ ಕೊಂಡು ಬರುವ ತಾಣವಾಗಿ ಬೆಳೆಸಿದಳು. ಎಸ್ಟೇಟಿನ ಮಾಂಸ, ಬೆಣ್ಣೆ ಮಾರುವ ಅಂಗಡಿಯನ್ನೂ ತೆರೆದಳು. ಇಂದು ಆ ಅರಮನೆ ಧರ್ಮದರ್ಶಿ ಸಂಸ್ಥೆಯೊಂದರ ಅಧೀನದಲ್ಲಿದೆ.

ಡೆವನ್‌ಶೈರಿಗೆ ಇಂದಿನವರೆಗೆ ಹನ್ನೆರಡು ಡ್ಯೂಕರಾಗಿದ್ದಾರೆ. ಬಿರುದು ಹೊತ್ತವರು ಮನೆಯನ್ನೂ ಹಣವನ್ನೂ ಕಾಯ್ದರು. ಅದು ಸಣ್ಣ ಕೆಲಸವಲ್ಲ. ಆದರೆ ಮನೆತನದ ಹೆಸರು ಇಂಗ್ಲೆಂಡಿನಾಚೆಗೆ ದಾಟಿದ್ದು ಹೆಚ್ಚಾಗಿ ಆ ಸಾಲಿನ ಅಂಚಿನಲ್ಲಿದ್ದವರಿಂದ: ಸಣ್ಣ ಜಮೀನುದಾರನ ಮಗಳೊಬ್ಬಳಿಂದ, ಹುಚ್ಚಿ ಎನಿಸಿಕೊಂಡ ಲೇಖಕಿಯಿಂದ, ಕಿರಿಯ ಮಗನ ಮಗನಿಂದ, ಸಂಬಳಕ್ಕಿದ್ದ ತೋಟಗಾರನಿಂದ. ಪ್ರಯೋಗಶಾಲೆಗೆ ಹಣ ಕೊಟ್ಟ ಡ್ಯೂಕ್ ಕೂಡ ಕಿರಿಯ ಕವಲಿನಿಂದಲೇ ಬಂದವನು.